ಬೆನ್ನ ಹಿಂದೆ ನಿಂತವರು

(ಹಾಸನದಲ್ಲಿ ಒಂದು ಭಾನುವಾರ ಸಂಜೆ ಸ್ನೇಹಿತರ ಮನೆ ಮಹಡಿಯಲ್ಲಿ ಮೂವತ್ತು ಜನರ ಮುಂದೆ ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರೆದಿದ್ದೀನಿ. ಮಧ್ಯೆ ಬಂದ ಪ್ರಶ್ನೆಗಳನ್ನ ನನ್ನ ಮಾತಲ್ಲೇ ಸೇರಿಸಿದ್ದೀನಿ.)

ಅಣಬೆ ಬಗ್ಗೆ, ಅಂದ್ರೆ ಸೈಲೋಸೈಬಿನ್ ಅನ್ನೋ ವಸ್ತು ಇರೋ, ತಿಂದ್ರೆ ಮನಸ್ಸಿಗೆ ಏನೇನೋ ಕಾಣಿಸೋ ಅಣಬೆ ಬಗ್ಗೆ ಮಾತಾಡಿ ಅಂತ ಕರೆಸಿದ್ದೀರ, ಆದ್ರೆ ನಾನು ಶುರು ಮಾಡೋದು ನಮ್ಮ ದೊಡ್ಡಪ್ಪನಿಂದ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ನಮ್ಮೂರು ಮೂಡಿಗೆರೆ ತಾಲ್ಲೂಕು, ಜಾವಳಿ ಕಡೆ, ಹೇಮಾವತಿ ಹುಟ್ಟೋ ಸೀಮೆ. ನಿಮ್ಮ ಗೊರೂರಲ್ಲಿ ಡ್ಯಾಮ್ ತುಂಬಿ ನಿಲ್ಲೋ ಹೊಳೆ ನಮ್ಮಲ್ಲಿ ಬೇಸಿಗೆಲಿ ಎರಡು ಹೆಜ್ಜೆಗೆ ದಾಟ್ಬಹುದು. ವರ್ಷಕ್ಕೊಂದ್ಸಲ, ಮಳೆ ಹಿಡಿಯೋಕೆ ಮುಂಚೆ, ಬನದಲ್ಲಿ ಚೌಡಿಗೆ ಪೂಜೆ ಆಗುತ್ತೆ. ದೊಡ್ಡಪ್ಪ ಪಾತ್ರಿ, ಅವರ ಮೈಮೇಲೆ ದರ್ಶನ ಬರುತ್ತೆ. ಕೈಯಲ್ಲಿ ಅಡಿಕೆ ಹಿಂಗಾರ ಹಿಡ್ಕೊಂಡು ಮುಖಕ್ಕೆ ಉಜ್ಜಿ ಉಜ್ಜಿ, ಆ ಹಳದಿ ಪುಡಿಯೆಲ್ಲ ಕೆನ್ನೆಗೆ ಬೆವರಿನ ಜೊತೆ ಅಂಟ್ಕೊಂಡು, ತಮಟೆ ಜೋರಾದಂಗೆ ಮೈ ನಡುಗೋಕೆ ಶುರುವಾಗುತ್ತೆ. ಎಲ್ಲರ ಕಣ್ಣೂ ಅವರ ಮುಖದ ಮೇಲೇ ಇರುತ್ತೆ.

ನಾನು ಎಂಟು ವರ್ಷದವಳಿದ್ದಾಗ ಮುಂದೆ ಜಾಗ ಸಿಗದೆ ಹಿಂದುಗಡೆ ಹೋಗಿ ನಿಂತಿದ್ದೆ. ಅಲ್ಲಿಂದ ದೊಡ್ಡಪ್ಪನ ಮುಖ ಕಾಣ್ತಿರ್ಲಿಲ್ಲ, ಕಂಡಿದ್ದು ಇನ್ನೊಬ್ಬರು, ನಾವು ಮಾವ ಅಂತ ಕರೆಯೋರು. ಹೆಗಲ ಮೇಲೆ ಒಂದು ಬಿಳಿ ಟವೆಲ್, ಪಕ್ಕದಲ್ಲಿ ಒಂದು ತಂಬಿಗೆ ನೀರು, ದೊಡ್ಡಪ್ಪನ ಬೆನ್ನಿಂದ ಒಂದು ಮಾರು ದೂರ. ಏನೂ ಮಾಡ್ತಿರ್ಲಿಲ್ಲ, ಸುಮ್ಮನೆ ನಿಂತಿದ್ರು, ಆದ್ರೆ ಆ ನಿಲುವಲ್ಲಿ ಎಷ್ಟು ಎಚ್ಚರ ಇತ್ತು ಅಂದ್ರೆ ನಂಗೆ ಆ ವಯಸ್ಸಲ್ಲೂ ಅವರ ಹತ್ರ ಮಾತಾಡಿಸ್ಬಾರ್ದು ಅನ್ನಿಸ್ತು. ದರ್ಶನ ಇಳಿಯೋ ಹೊತ್ತಿಗೆ ದೊಡ್ಡಪ್ಪ ಒಮ್ಮೆಗೇ ಹಿಂದಕ್ಕೆ ವಾಲಿದ್ರು, ಜನ ಹೋ ಅನ್ನೋಷ್ಟರಲ್ಲಿ ಮಾವನ ಎದೆಗೆ ಒರಗಿ ಆಗಿತ್ತು. ಟವೆಲ್ ಸುತ್ತಿ, ಮಣೆ ಮೇಲೆ ಕೂರಿಸಿ, ನೀರು ಕುಡಿಸಿ, ಅವರು ಕಣ್ಣು ಬಿಟ್ಟು "ಎಷ್ಟೊತ್ತಾಯ್ತು" ಅಂತ ಕೇಳೋವರೆಗೂ ಮಾವ ಅಲ್ಲಿಂದ ಏಳಲಿಲ್ಲ.

ಇದನ್ನ ನಾನು ಇಪ್ಪತ್ತೈದು ವರ್ಷ ಮರೆತೇ ಬಿಟ್ಟಿದ್ದೆ. ನೆನಪಾಗಿದ್ದು ನೆದರ್ಲೆಂಡ್ಸ್‌ನಲ್ಲಿ.

2016ರಲ್ಲಿ ಕೆಲಸಕ್ಕೆ ಅಂತ ಅಲ್ಲಿಗೆ ಹೋದೆ. 2020ರ ಜುಲೈನಲ್ಲಿ ಅಮ್ಮ ಹೋದ್ರು. ಆ ವರ್ಷ ಹೆಂಗಿತ್ತು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಆ ಎರಡು ವರ್ಷದಲ್ಲಿ ಯಾರನ್ನೋ ಕಳ್ಕೊಂಡಿರ್ತೀರ. ಅಮ್ಮ ಆಸ್ಪತ್ರೆಗೆ ಸೇರಿ ಆರನೇ ದಿನಕ್ಕೆ ಮುಗೀತು, ನಂಗೆ ಕೋವಿಡ್‌ನಲ್ಲಿ ಹೊರದೇಶದಲ್ಲಿ ಸಿಕ್ಕಿಕೊಂಡೋರನ್ನ ಕರ್ಕೊಂಡು ಬರ್ತಿದ್ದ ವಂದೇ ಭಾರತ್ ಫ್ಲೈಟಲ್ಲಿ ಸೀಟು ಸಿಕ್ಕಿ, ಬಂದು ಕ್ವಾರಂಟೈನ್ ಮುಗಿಸಿ ಊರು ಸೇರೋದು ಆಗದ ಮಾತಾಗಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿದೆ. ನಮ್ಮೂರಿನ ನೆಟ್‌ವರ್ಕ್, ಅದೂ ಆಷಾಢದ ಮಳೆ, ಮರದ ಕೆಳಗೆ ಅತ್ತಿಗೆ ಫೋನ್ ಹಿಡ್ಕೊಂಡು ನಿಂತಿದ್ರು. ಅಣ್ಣ ಹೆಗಲ ಮೇಲೆ ಮಡಕೆ ಇಟ್ಕೊಂಡಿದ್ದ, ಯಾರೋ ಅವನ ಮೇಲೆ ಕಪ್ಪು ಛತ್ರಿ ಹಿಡಿದಿದ್ರು, ಅಷ್ಟಕ್ಕೆ ಸ್ಕ್ರೀನ್ ನಿಂತೋಯ್ತು. ಮತ್ತೆ ಲೈನ್ ಬರ್ಲೇ ಇಲ್ಲ. ಮಡಕೆ ಒಡೆದಿದ್ದು ನಾನು ನೋಡ್ಲಿಲ್ಲ.

ಮುಂದಿನ ಎರಡು ವರ್ಷ ನಂಗೆ ಆ ಚಿತ್ರ ಹಂಗೇ ನಿಂತಿತ್ತು. ಆಫೀಸ್ ಕೆಲಸ ಮಾಡ್ತಿದ್ದೆ, ಅಡಿಗೆ ಮಾಡ್ತಿದ್ದೆ, ಅಣ್ಣನ ಜೊತೆ ಮೆಣಸಿನ ರೇಟ್ ಬಗ್ಗೆ ಮಾತಾಡ್ತಿದ್ದೆ, ಆದ್ರೆ ಅಳು ಬರ್ತಿರ್ಲಿಲ್ಲ, ನಗುನೂ ಬರ್ತಿರ್ಲಿಲ್ಲ, ಮೈಯೊಳಗೆ ಯಾರೋ ಸಿಮೆಂಟ್ ಸುರಿದಂಗೆ. ಅಲ್ಲಿನ ಡಾಕ್ಟರ್ ಡಿಪ್ರೆಶನ್ ಅಂದ್ರು, ಒಂದು ವರ್ಷ ಮಾತ್ರೆ ತಗೊಂಡೆ, ಕೌನ್ಸೆಲಿಂಗ್‌ಗೆ ಹೋದೆ. ಮಾತ್ರೆಯಿಂದ ನಿದ್ದೆ ಬಂತು, ಎದ್ದು ಓಡಾಡೋ ಶಕ್ತಿ ಬಂತು, ಅದನ್ನ ನಾನು ಯಾವತ್ತೂ ಕಡಿಮೆ ಮಾಡಿ ಹೇಳಲ್ಲ. ಆದ್ರೆ ಆ ಛತ್ರಿ, ಮಡಕೆ ಅಲ್ಲೇ ಇತ್ತು.

ಅಲ್ಲಿನ ಕಾನೂನು ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ತಪ್ಪು ತಿಳ್ಕೋತೀರ. ನೆದರ್ಲೆಂಡ್ಸ್‌ನಲ್ಲಿ ಮೊದಲು ಈ ಅಣಬೆ ಅಂಗಡಿಲೇ ಸಿಗ್ತಿತ್ತು. 2007ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಒಬ್ಬ ಫ್ರೆಂಚ್ ಹುಡುಗಿ, 17 ವರ್ಷ, ಅಣಬೆ ತಿಂದು ಕಟ್ಟಡದಿಂದ ಹಾರಿ ಸತ್ತಳು. ಅದರ ಗಲಾಟೆ ಆಗಿ 2008ರ ಡಿಸೆಂಬರ್‌ನಿಂದ ಅಣಬೆ ನಿಷೇಧ ಆಯ್ತು. ಆದ್ರೆ ಆ ಪಟ್ಟಿಯಲ್ಲಿ ಟ್ರಫಲ್ ಅನ್ನೋದು ಸೇರ್ಲಿಲ್ಲ. ಟ್ರಫಲ್ ಅಂದ್ರೆ ಕೆಲವು ಜಾತಿ ಅಣಬೆಗಳು ಮಣ್ಣೊಳಗೆ ಕಟ್ಟೋ ಗಂಟು, ಅದರಲ್ಲೂ ಅದೇ ಸೈಲೋಸೈಬಿನ್ ಇರುತ್ತೆ. ಹಂಗಾಗಿ ಅಲ್ಲಿ ಅದನ್ನ ಇಟ್ಕೊಂಡು ಕಾನೂನುಬದ್ಧವಾಗಿ ಕೂಟ ನಡೆಸೋರು ಇದ್ದಾರೆ. ನಮ್ಮ ದೇಶದಲ್ಲಿ ಇದು 1985ರ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ತಡೆಯೋ ಕಾಯ್ದೆ ಪಟ್ಟಿಯಲ್ಲಿರೋ ವಸ್ತು, ಇಟ್ಕೊಂಡ್ರೂ ಅಪರಾಧ, ಮಾರಿದ್ರೂ ಅಪರಾಧ. ಇದನ್ನ ಮೊದಲೇ ಹೇಳಿ ಮುಂದೆ ಹೋಗ್ತೀನಿ.

2022ರ ಶರತ್ಕಾಲದಲ್ಲಿ, ಮಾತ್ರೆ ಡಾಕ್ಟರ್ ಹೇಳಿದಂಗೇ ನಿಧಾನಕ್ಕೆ ನಿಲ್ಲಿಸಿ ಕೆಲವು ತಿಂಗಳಾದ ಮೇಲೆ, ನಾನು ಅಂಥ ಒಂದು ಕೂಟಕ್ಕೆ ಹೆಸರು ಕೊಟ್ಟೆ. ಮೊದಲು ಬಂದಿದ್ದು ಏಳು ಪುಟದ ಫಾರಂ. ಏನೇನು ಮಾತ್ರೆ ತಗೋತೀರ, ಬಿಪಿ ಇದೆಯಾ, ಹೃದಯದ ತೊಂದರೆ ಇದೆಯಾ, ಮುಖ್ಯವಾಗಿ ನಿಮ್ಮ ರಕ್ತಸಂಬಂಧದಲ್ಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ, ಬೈಪೋಲಾರ್ ಥರದ ದೊಡ್ಡ ಮಾನಸಿಕ ಕಾಯಿಲೆ ಇತ್ತಾ. ಆಮೇಲೆ ಎರಡು ಸಲ ಒಂದೊಂದು ಗಂಟೆ ಫೋನಲ್ಲಿ ಮಾತಾಡಿದ್ರು. ನಮ್ಮ ಜೊತೆ ಬರಬೇಕಿದ್ದ ಒಬ್ಬರಿಗೆ ಬೇಡ ಅಂತ ದುಡ್ಡು ವಾಪಸ್ ಕೊಟ್ಟರು, ಅವರ ತಮ್ಮನಿಗೆ ಸ್ಕಿಜೋಫ್ರೇನಿಯಾ ಇತ್ತು. ಈ ಫಾರಂ ವಿಷಯ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ ಇದಕ್ಕೆ.

ಹಳ್ಳಿ ಕಡೆ ಒಂದು ಹಳೇ ರೈತರ ಮನೆ. ಆರು ಜನ ನಾವು, ನೋಡ್ಕೊಳ್ಳೋಕೆ ಮೂರು ಜನ. ಹೊರಗಡೆ ಹಸುಗಳು, ಸಣ್ಣ ಮಳೆ. ಟೀ ಥರ ಮಾಡಿ ಕೊಟ್ಟರು, ಹುಳಿ ಹತ್ತಿದ ಹಸಿ ಗೋಡಂಬಿ ಅರೆದಂಗೆ ಇತ್ತು ರುಚಿ. ಸೈಲೋಸೈಬಿನ್ ಹೊಟ್ಟೆಗೆ ಹೋದ್ಮೇಲೆ ಸೈಲೋಸಿನ್ ಆಗುತ್ತೆ, ಅದು ಮೆದುಳಲ್ಲಿ ಸೆರಟೋನಿನ್ ಕೂರೋ ಜಾಗದಲ್ಲಿ ಹೋಗಿ ಕೂರುತ್ತೆ, ನಾಲ್ಕರಿಂದ ಆರು ಗಂಟೆ ಅದರ ಪ್ರಭಾವ. ಇದೆಲ್ಲ ಓದ್ಕೊಂಡೇ ಹೋಗಿದ್ದೆ. ಓದಿದ್ದು ಮೊದಲ ಗಂಟೆಲಿ ಯಾವ ಉಪಯೋಗಕ್ಕೂ ಬರ್ಲಿಲ್ಲ.

ಭಯ. ಅದೊಂದೇ. ಕಾಲು ತಣ್ಣಗಾಗ್ತಾ ಬಂತು, ಗೋಡೆ ಉಸಿರಾಡ್ತಿದೆ, ನಾನು ಸಾಯ್ತಾ ಇದೀನಿ, ಊರಿಗೆ ಯಾರು ಫೋನ್ ಮಾಡ್ತಾರೆ, ಅಣ್ಣನಿಗೆ ಎರಡನೇ ಸಲ ಮಡಕೆ ಹೊರೋ ಹಂಗಾಯ್ತಲ್ಲ ಅಂತ. ಎದ್ದು ಬಾಗಿಲ ಕಡೆ ಹೋಗೋಕೆ ನೋಡಿದೆ. ಆಗ ನನ್ನ ಹಾಸಿಗೆ ತಲೆದಿಸೆ ಕೂತಿದ್ದ ಹೆಂಗಸು, ಅರವತ್ತು ದಾಟಿದೋರು, ಮೊದಲು ನರ್ಸ್ ಆಗಿದ್ರಂತೆ, ನನ್ನ ಮುಟ್ಟೋಕೆ ಮುಂಚೆ ಕೇಳಿದ್ರು, ಹೆಗಲ ಮೇಲೆ ಕೈ ಇಡ್ಲಾ ಅಂತ. ಹೂಂ ಅಂದೆ. ಇಟ್ಟರು. "ನಾನು ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ" ಅಂದ್ರು. ಸಮಾಧಾನ ಹೇಳ್ಲಿಲ್ಲ, ಏನಾಗ್ತಿದೆ ಅಂತ ಕೇಳ್ಲಿಲ್ಲ. ಆ ಕ್ಷಣಕ್ಕೆ ನಂಗೆ ನಮ್ಮ ಬನ ನೆನಪಾಯ್ತು, ಮಾವನ ಟವೆಲ್ ನೆನಪಾಯ್ತು, ನಾನು ಕನ್ನಡದಲ್ಲಿ "ಮಾವ ಹಿಂದೆ ಇದಾರೆ" ಅಂತ ಜೋರಾಗಿ ಹೇಳಿದ್ನಂತೆ, ಮಾರನೇ ದಿನ ಅವರು ಕೇಳಿದ್ರು ಮಾವ ಅಂದ್ರೆ ಏನು ಅಂತ.

ಆಮೇಲೆ ವಾಸನೆ ಬಂತು. ಬಣ್ಣ, ಆಕಾರ, ದೇವರು ಅಂತೆಲ್ಲ ಜನ ಹೇಳ್ತಾರಲ್ಲ, ನಂಗೆ ಬಂದಿದ್ದು ಪಲ್ಪರ್ ವಾಸನೆ. ಕಾಫಿ ಹಣ್ಣು ಪಲ್ಪ್ ಮಾಡೋವಾಗ ಬರುತ್ತಲ್ಲ, ಹುಳಿ ಸಿಹಿ ಎರಡೂ ಸೇರಿ ಮೂಗಿಗೆ ಹೊಡೆಯೋದು, ಅದು. ಕಣದಲ್ಲಿ ಅಮ್ಮ ಸೀರೆ ಸ್ವಲ್ಪ ಎತ್ತಿ ಕಟ್ಕೊಂಡು ಕಾಲಲ್ಲಿ ಕಾಫಿ ಎಳೀತಾ ನಡೀತಿದ್ರು, ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ, ಅವರ ಹಿಂದೆ ಉಳುಮೆ ಗೆರೆ ಥರ ಸಾಲು ಬೀಳ್ತಿತ್ತು. ಎಷ್ಟೊತ್ತು ನೋಡಿದ್ನೋ ಗೊತ್ತಿಲ್ಲ. ಆಮೇಲೆ ಆ ಛತ್ರಿ ಬಂತು. ಎರಡು ವರ್ಷದಿಂದ ನಿಂತಿದ್ದ ಚಿತ್ರದಲ್ಲಿ ಮಳೆ ಬೀಳೋಕೆ ಶುರುವಾಯ್ತು. ಛತ್ರಿ ಅಂಚಿಂದ ನೀರು ಇಳೀತಿತ್ತು, ಅಣ್ಣ ಒಂದು ಸುತ್ತು ಬಂದ, ಎರಡು, ಮೂರು, ಮಡಕೆ ಬಿತ್ತು. ಒಡೆದ ಸದ್ದು ಕೇಳ್ತು ನಂಗೆ.

ಅತ್ತುಬಿಟ್ಟೆ. ಎರಡು ಗಂಟೆ ಅತ್ತಿದ್ದೀನಂತೆ. ಅಮ್ಮ ಬಂದು ಏನಾದ್ರೂ ಹೇಳಿದ್ರಾ ಅಂತ ಕೆಲವರು ಕೇಳ್ತಾರೆ. ಅಮ್ಮ ಏನೂ ಹೇಳ್ಲಿಲ್ಲ, ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ, ಕಾಫಿ ಎಳೀತಾನೇ ಇದ್ರು. ಹೇಳಿದ್ರು ಅಂತ ಸೇರಿಸಿ ಹೇಳೋಕೆ ನಂಗೆ ಇಷ್ಟ ಇಲ್ಲ.

ಸರಿ, ವಾಸಿ ಆಯ್ತಾ? ಎರಡು ವಾರ ಮೈ ಹಗುರ ಆಗಿತ್ತು. ಮೂರನೇ ವಾರ ಮತ್ತೆ ಕುಸಿದೆ, ಈ ಸಲ ದುಃಖದಿಂದ. ಮೊದಲಿದ್ದಿದ್ದು ಮರಗಟ್ಟಿದ್ದು, ಇದು ನೋವು. ನಂಗೆ ಅದೇ ದೊಡ್ಡ ವ್ಯತ್ಯಾಸ. ಕೌನ್ಸೆಲಿಂಗ್ ಇನ್ನೂ ಒಂದು ವರ್ಷ ನಡೀತು, ಆ ಐದು ಗಂಟೆಯಲ್ಲಿ ಸಡಿಲ ಆಗಿದ್ದನ್ನ ಬಿಡಿಸೋಕೆ ಒಂದು ವರ್ಷ ಬೇಕಾಯ್ತು. ಆಮೇಲೆ ನಾನು ಮತ್ತೆ ತಗೊಂಡಿಲ್ಲ.

ನನ್ನೊಬ್ಬಳ ಅನುಭವ ಇಟ್ಕೊಂಡು ನೀವು ಯಾವ ತೀರ್ಮಾನಕ್ಕೂ ಬರ್ಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯಲ್ಲಿ ರೋಲಂಡ್ ಗ್ರಿಫಿತ್ಸ್ ಅಂತ ಒಬ್ಬ ವಿಜ್ಞಾನಿ 2006ರಲ್ಲಿ 36 ಜನ ಆರೋಗ್ಯವಂತರ ಮೇಲೆ ಮಾಡಿದ ಅಧ್ಯಯನ ಪ್ರಕಟ ಮಾಡಿದ್ರು. ಅದರಲ್ಲಿ ಮೂರರಲ್ಲಿ ಎರಡು ಭಾಗ ಜನ ಇದು ನಮ್ಮ ಬದುಕಿನ ಅತಿ ಮುಖ್ಯ ಐದು ಅನುಭವಗಳಲ್ಲಿ ಒಂದು ಅಂದ್ರು. ಎಲ್ಲ ಕಡೆ ಓಡಾಡೋದು ಈ ಸಾಲು. ಅದೇ ಅಧ್ಯಯನದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಜನಕ್ಕೆ ತೀವ್ರ ಭಯ ಆಗಿತ್ತು, ಇದನ್ನ ಯಾರೂ ಶೇರ್ ಮಾಡಲ್ಲ. ಅಷ್ಟು ಭಯ ಆದ್ರೂ ಯಾರಿಗೂ ಅನಾಹುತ ಆಗ್ಲಿಲ್ಲ. ಯಾಕೆ ಅಂದ್ರೆ ಮೊದಲೇ ಸೋಸಿ ಆರಿಸಿದ ಜನ, ಔಷಧಿ ಕೊಡೋಕೆ ಮುಂಚೆನೇ ಪಕ್ಕದಲ್ಲಿ ಕೂರೋ ವ್ಯಕ್ತಿ ಒಬ್ಬೊಬ್ಬರ ಜೊತೆ ಒಟ್ಟು 8 ಗಂಟೆ ಮಾತಾಡಿದ್ರು, ಆಮೇಲೆ ಪೂರ್ತಿ ಹೊತ್ತು ಜೊತೆಗೇ ಇದ್ರು. ಲ್ಯಾಬ್ ಅಂತೀವಿ, ಆದ್ರೆ ಅದೂ ಬೆನ್ನ ಹಿಂದೆ ಒಬ್ಬರನ್ನ ನಿಲ್ಲಿಸ್ಕೊಂಡೇ ಮಾಡಿದ್ದು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ, ಬೇರೆ ಔಷಧಿಗೆ ಜಗ್ಗದ ಡಿಪ್ರೆಶನ್‌ಗೆ, ಅನುಮತಿ ಪಡೆದ ಮನೋವೈದ್ಯರು ಇದನ್ನ ಬರೆದುಕೊಡ್ಬಹುದು. ಅಲ್ಲೂ ಮನೆಗೆ ಕಟ್ಟಿ ಕಳಿಸಲ್ಲ.

ಈಗ ಮೆಕ್ಸಿಕೋಗೆ ಹೋಗೋಣ, ಯಾಕೆ ಅಂದ್ರೆ ಈ ಅಣಬೆ ಕಥೆ ಅಲ್ಲಿನ ಒಬ್ಬ ಹೆಣ್ಣುಮಗಳ ಹೆಸರಿಲ್ಲದೆ ಹೇಳೋದು ಅನ್ಯಾಯ. ಮರಿಯಾ ಸಬೀನಾ. ಒಹಾಕಾ ರಾಜ್ಯದ ಬೆಟ್ಟದ ಊರು ಊಆಟ್ಲಾ, ಅಲ್ಲಿನ ಮಜಾಟೆಕ್ ಸಮುದಾಯದೋರು. ಓದು ಬರಹ ಗೊತ್ತಿರ್ಲಿಲ್ಲ, ಸ್ಪ್ಯಾನಿಷ್ ಬರ್ತಿರ್ಲಿಲ್ಲ. ಚಿಕ್ಕವರಿದ್ದಾಗ ತಂಗಿ ಜೊತೆ ಆಡು ಮೇಯಿಸೋಕೆ ಹೋಗಿ ಹಸಿವು ತಾಳದೆ ಕಾಡಲ್ಲಿ ಸಿಕ್ಕ ಅಣಬೆ ತಿಂದರು, ಅವರಿಗೆ ಮೊದಲ ಅನುಭವ ಆಗಿದ್ದು ಹಂಗೆ. ದೊಡ್ಡವರಾದ ಮೇಲೆ ರೋಗಿಗಳಿಗೆ ರಾತ್ರಿ ಪೂಜೆ ಮಾಡೋರಾದ್ರು, ಅದಕ್ಕೆ ವೆಲಾದಾ ಅಂತಾರೆ, ಅಂದ್ರೆ ಜಾಗರಣೆ. ಕತ್ತಲೆ ಕೋಣೆ, ದೇವರ ಮುಂದೆ ಹೂವು, ಮೇಣದಬತ್ತಿ, ನಮ್ಮ ಲೋಬಾನದ ಥರ ಕೋಪಾಲ್ ಅನ್ನೋ ಅಂಟಿನ ಧೂಪ. ಅಣಬೆಗಳನ್ನ ಜೋಡಿ ಜೋಡಿಯಾಗಿ ತಿಂತಾರೆ. ಗಮನಿಸಿ, ರೋಗಿಗೆ ಕೊಟ್ಟು ಸುಮ್ಮನೆ ಕೂರಲ್ಲ, ಅವರೂ ತಿಂದು, ಬೆಳಗಾಗೋವರೆಗೂ ಹಾಡ್ತಾರೆ. ಅಣಬೆಗೆ ಅವರು ಇಟ್ಟ ಹೆಸರು ಪವಿತ್ರ ಮಕ್ಕಳು ಅಂತ.

ಆ ಹಾಡಿನ ಬಗ್ಗೆ ನಂಗೆ ತುಂಬಾ ಹಿಡಿಸಿದ ಒಂದು ಸಂಗತಿ ಇದೆ. ನಾನು ಇಂಥ ಹೆಣ್ಣು, ನಾನು ಅಂಥ ಹೆಣ್ಣು ಅಂತ ಸಾಲು ಸಾಲು ಹೋಗುತ್ತೆ, ಸಾಲಿನ ಕೊನೆಗೆ ಒಂದು ಪುಟ್ಟ ಪದ ಮತ್ತೆ ಮತ್ತೆ ಬರುತ್ತೆ, ಅದರ ಅರ್ಥ "ಹೇಳುತ್ತೆ" ಅಂತ. ಯಾರು ಹೇಳೋದು? ಅಣಬೆ ಹೇಳೋದು, ತಾನಲ್ಲ. ಇದನ್ನ ಇಂಗ್ಲಿಷಲ್ಲಿ ಓದೋವಾಗ ಎಷ್ಟೋ ಜನಕ್ಕೆ ವಿಚಿತ್ರ ಅನ್ಸುತ್ತೆ. ನಮಗೆ ಅನ್ಸಬೇಕಾಗಿಲ್ಲ, ನಮ್ಮ ಹತ್ರ "ಅಂತೆ" ಇದೆ. ಬಂದಿದ್ದಾಳಂತೆ, ಕೋಪ ಇಲ್ಲವಂತೆ, ಹರಕೆ ಬಾಕಿ ಇದೆಯಂತೆ. ದೊಡ್ಡಪ್ಪ ದರ್ಶನದಲ್ಲಿ ಮಾತಾಡಿದ್ದನ್ನ ಮಾವ ಜನಕ್ಕೆ ಬಿಡಿಸಿ ಹೇಳೋವಾಗ ಪ್ರತಿ ಮಾತಿಗೂ "ಅಂತೆ" ಹಾಕ್ತಿದ್ರು. ಆ "ಅಂತೆ" ಬಂದ ತಕ್ಷಣ ಮಾತು ದೊಡ್ಡಪ್ಪನದ್ದಲ್ಲ ಆಗ್ತಿತ್ತು, ಮಾರನೇ ದಿನ ಯಾರೂ ಅವರ ಹತ್ರ ಜಗಳಕ್ಕೆ ಹೋಗ್ತಿರ್ಲಿಲ್ಲ, ಅವರೂ ತಾನು ಹೇಳಿದ್ದು ಅಂತ ಮೀಸೆ ತಿರುವೋ ಹಂಗಿರ್ಲಿಲ್ಲ.

1955ರ ಜೂನ್ ಕೊನೆಯಲ್ಲಿ ಮರಿಯಾ ಸಬೀನಾ ಹತ್ರ ಗಾರ್ಡನ್ ವಾಸನ್ ಬಂದ್ರು. ನ್ಯೂಯಾರ್ಕ್‌ನ ಜೆ.ಪಿ. ಮಾರ್ಗನ್ ಬ್ಯಾಂಕಿನ ವೈಸ್ ಪ್ರೆಸಿಡೆಂಟ್, ಅಣಬೆ ಹುಚ್ಚು ಹತ್ತಿದ್ದು ಹೆಂಡತಿ ವ್ಯಾಲೆಂಟೀನಾ ಅವರಿಂದ, ಆಕೆ ರಷ್ಯಾದಲ್ಲಿ ಹುಟ್ಟಿದ ಮಕ್ಕಳ ಡಾಕ್ಟರ್. ಊರಿನ ಅಧಿಕಾರಿಯೊಬ್ಬರು ಕರ್ಕೊಂಡು ಬಂದಿದ್ರಿಂದ ಮರಿಯಾ ಸಬೀನಾಗೆ ಇಲ್ಲ ಅನ್ನೋಕೆ ಆಗ್ಲಿಲ್ಲ. 1957ರ ಮೇ ತಿಂಗಳ ಲೈಫ್ ಪತ್ರಿಕೆಯಲ್ಲಿ ವಾಸನ್ ಫೋಟೋ ಸಮೇತ ಬರೆದ್ರು. ಆಕೆಯ ಹೆಸರು ಬದಲಾಯಿಸಿದ್ರು, ಜಾಗ ಮುಚ್ಚಿಟ್ಟರು, ಆದ್ರೂ ಜನ ಹುಡುಕ್ಕೊಂಡು ಬಂದ್ರು. 1958ರಲ್ಲಿ ಸ್ವಿಟ್ಜರ್ಲೆಂಡ್‌ನ ಕೆಮಿಸ್ಟ್ರಿ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅಣಬೆಯಿಂದ ಸೈಲೋಸೈಬಿನ್ ಬೇರ್ಪಡಿಸಿದ್ರು, 1962ರಲ್ಲಿ ಅದರ ಮಾತ್ರೆ ತಗೊಂಡು ಊಆಟ್ಲಾಗೇ ಹೋಗಿ ಆಕೆಗೆ ಕೊಟ್ಟರು. ಮಾತ್ರೆಲೂ ಅದೇ ಶಕ್ತಿ ಇದೆ, ಅಣಬೆ ಸಿಗದ ಕಾಲದಲ್ಲೂ ಇನ್ನು ಜನಕ್ಕೆ ನೆರವಾಗ್ಬಹುದು ಅಂದ್ರಂತೆ ಆಕೆ. ಎಷ್ಟು ದೊಡ್ಡ ಮನಸ್ಸು ನೋಡಿ.

ಅದಕ್ಕೆ ಆಕೆಗೆ ಸಿಕ್ಕಿದ್ದೇನು? ಅರವತ್ತರ ದಶಕದಲ್ಲಿ ಹಿಪ್ಪಿಗಳು ದಂಡು ದಂಡಾಗಿ ಬಂದ್ರು, ರೋಗ ಇಲ್ಲ ರುಜಿನ ಇಲ್ಲ, ದೇವರನ್ನ ನೋಡ್ಬೇಕು ಅಂತ ಬಂದೋರು, ಅಣಬೆನ ಹಗಲಲ್ಲೇ ಬೀದಿಯಲ್ಲಿ ತಿಂದ್ರು. ಪೊಲೀಸರು ಬಂದ್ರು, ಆಕೆನ ಹಿಡ್ಕೊಂಡು ಹೋದ್ರು, ಮನೆಗೆ ಬೆಂಕಿ ಬಿತ್ತು, ಊರಿನೋರೇ ಆಕೆ ಮೇಲೆ ತಿರುಗಿಬಿದ್ರು. ಹೊರಗಿನೋರು ಬಂದ ಮೇಲೆ ಪವಿತ್ರ ಮಕ್ಕಳ ಶಕ್ತಿ ಹೋಯ್ತು ಅಂತ ಕೊನೆಗಾಲದಲ್ಲಿ ಹೇಳ್ಕೊಂಡ್ರು. 1985ರಲ್ಲಿ ತೀರಿಹೋದ್ರು, ಬಡತನದಲ್ಲೇ.

ನಾನು 2023ರಲ್ಲಿ ಊಆಟ್ಲಾಗೆ ಹೋಗ್ಬೇಕು ಅಂತ ಟಿಕೆಟ್ ನೋಡ್ತಾ ಇದ್ದೆ, ರಜೆ ಕೂಡ ಹಾಕಿದ್ದೆ. ಈ ಕಥೆ ಪೂರ್ತಿ ಓದಿದ ರಾತ್ರಿ ಬಿಟ್ಟುಬಿಟ್ಟೆ. ನಮ್ಮ ಬನಕ್ಕೆ ನಾಳೆ ಐವತ್ತು ಜನ ಕ್ಯಾಮೆರಾ ತಗೊಂಡು, ನಮಗೂ ದರ್ಶನ ಬರಿಸಿ, ಎಷ್ಟಾಗುತ್ತೆ ಅಂತ ಬಂದ್ರೆ ದೊಡ್ಡಪ್ಪ ಏನ್ ಮಾಡ್ತಾರೆ ಅಂತ ಯೋಚನೆ ಬಂತು. ಆ ರಜೆಯಲ್ಲಿ ಊರಿಗೆ ಬಂದೆ.

ಇಲ್ಲಿ ಒಬ್ಬರು ಕೇಳ್ತಾ ಇದಾರೆ, ವೇದದ ಸೋಮ ಅಣಬೆನೇ ಅಂತಲ್ಲ ಅಂತ. ಅದನ್ನ ಹೇಳಿದ್ದೂ ಇದೇ ವಾಸನ್, 1968ರಲ್ಲಿ. ಕೆಂಪು ಟೊಪ್ಪಿ ಮೇಲೆ ಬಿಳಿ ಚುಕ್ಕೆ ಇರೋ ಅಣಬೆ, ಮಕ್ಕಳ ಪುಸ್ತಕದಲ್ಲಿ ಇರುತ್ತಲ್ಲ, ಅದು ಸೋಮ ಅಂತ ಅವರ ವಾದ. ಆ ಅಣಬೆಯಲ್ಲಿ ಸೈಲೋಸೈಬಿನ್ ಇಲ್ಲ, ಬೇರೆ ವಿಷ ಇದೆ. ಸಂಸ್ಕೃತ ವಿದ್ವಾಂಸರು ಬಹಳ ಜನ ಒಪ್ಪಲಿಲ್ಲ, ಎಫೆಡ್ರಾ ಗಿಡ ಅನ್ನೋರು ಇದಾರೆ, ಇನ್ನೂ ಏನೇನೋ ಇದೆ. ತೀರ್ಮಾನ ಆಗಿಲ್ಲ. ಸೋಮದ ಹೆಸರಲ್ಲಿ ಈಗಿನ ಯಾವುದಕ್ಕೂ ಸರ್ಟಿಫಿಕೇಟ್ ಕೊಡೋದು ಬೇಡ.

ಈಗ ನಂಗೆ ಹೇಳೋಕೆ ಕಷ್ಟ ಆಗೋ ವಿಷಯ. ನನ್ನ ಚಿಕ್ಕಪ್ಪನ ಮಗ, ಬೆಂಗಳೂರಲ್ಲಿ ಕೆಲಸ, ಒಳ್ಳೇ ಹುಡುಗ. ವೀಕೆಂಡ್‌ಗೆ ನಾಲ್ಕು ಜನ ಸ್ನೇಹಿತರು ನಮ್ಮ ಕಡೆ ಒಂದು ಹೋಮ್‌ಸ್ಟೇಗೆ ಬಂದಿದ್ರು. ಫೋನಲ್ಲಿ ಯಾರ ಹತ್ರನೋ ತರಿಸಿದ ಅಣಬೆ ಚಾಕೊಲೇಟ್. ಅದರೊಳಗೆ ಏನಿತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾಲ್ಕೂ ಜನ ಒಟ್ಟಿಗೇ ತಿಂದ್ರು. ನಾಲ್ಕೂ ಜನ, ಅಂದ್ರೆ ಹಿಂದೆ ನಿಲ್ಲೋಕೆ ಒಬ್ಬರೂ ಉಳೀಲಿಲ್ಲ. ಇವನಿಗೆ ರಾತ್ರಿ ಹನ್ನೊಂದಕ್ಕೆ ಯಾರೋ ಅಟ್ಟಿಸ್ಕೊಂಡು ಬರ್ತಿದಾರೆ ಅನ್ನಿಸಿ ಮಳೆಯಲ್ಲಿ ತೋಟದೊಳಗೆ ಓಡಿದಾನೆ. ಆನೆ ಓಡಾಡೋ ತೋಟ ಅದು. ಬೆಳಿಗ್ಗೆ ತೋಟದ ಕೆಲಸ ನೋಡ್ಕೊಳ್ಳೋ ರೈಟರ್ ಕೆಲಸದೋರನ್ನ ಕರ್ಕೊಂಡು ಹೋದಾಗ, ಮಳೆ ನೀರು ಇಂಗಲಿ ಅಂತ ಗಿಡದ ಸಾಲಲ್ಲಿ ತೋಡಿರೋ ಒಂದು ತೊಟ್ಟಿಲು ಗುಂಡಿಯಲ್ಲಿ ಮೊಣಕಾಲವರೆಗೂ ನೀರಲ್ಲಿ ಮುದುರಿ ಕೂತಿದ್ದ, ಪಾದ ತುಂಬ ಕೊಯ್ದುಹೋಗಿತ್ತು, ಜಿಗಣೆ ಹತ್ತಿದ್ದು ಬಿಡಿಸೋಕೇ ಅರ್ಧ ಗಂಟೆ ಆಯ್ತಂತೆ. ರೈಟರ್ ತನ್ನ ಕಂಬಳಿ ಹೊದೆಸಿ ಕರ್ಕೊಂಡು ಬಂದ್ರು.

ಅಲ್ಲಿಗೆ ಮುಗೀಲಿಲ್ಲ. ಎಂಟು ದಿನ ನಿದ್ದೆ ಇಲ್ಲ, ಮಾತು ನಿಲ್ಲಲ್ಲ, ಟಿವಿಯಲ್ಲಿ ತನ್ನ ಬಗ್ಗೆನೇ ಹೇಳ್ತಿದಾರೆ ಅಂತಾನೆ. ಆಸ್ಪತ್ರೆಗೆ ಸೇರಿಸಿದ್ವಿ, ಮನೋವೈದ್ಯರು ಮೊದಲು ಕೇಳಿದ್ದೇ ಮನೆಯಲ್ಲಿ ಯಾರಿಗಾದ್ರೂ ಹಿಂಗೆ ಇತ್ತಾ ಅಂತ. ಆಗ ಚಿಕ್ಕಮ್ಮ ಬಾಯಿ ಬಿಟ್ಟರು, ಅವರ ಅಣ್ಣ ಒಬ್ಬರಿಗೆ ಬೇಸಿಗೆ ಬಂದ್ರೆ "ತಲೆ ಬಿಸಿ ಆಗ್ತಿತ್ತು", ವಾರಗಟ್ಟಲೆ ಮಲಗ್ತಿರ್ಲಿಲ್ಲ, ಇದ್ದ ಗದ್ದೆನೆಲ್ಲ ಮಾರೋಕೆ ಹೋಗ್ತಿದ್ರು. ಅದಕ್ಕೆ ನಮ್ಮನೇಲಿ ಹೆಸರೇ ಇರ್ಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ನಂಗೆ ಯಾರೋ ಗೊತ್ತಿಲ್ಲದೋರು ಏಳು ಪುಟದ ಫಾರಂನಲ್ಲಿ ಕೇಳಿದ ಪ್ರಶ್ನೆನ ಈ ಹುಡುಗನಿಗೆ ಯಾರೂ ಕೇಳಿರ್ಲಿಲ್ಲ. ನಾನು ಅವನಿಗೆ ನನ್ನ ಅನುಭವ ಹೇಳಿದ್ದೆ. ಅಮ್ಮ, ಕಣ, ಛತ್ರಿ ಎಲ್ಲ ಹೇಳಿದ್ದೆ, ಫಾರಂ ವಿಷಯ ಹೇಳಿರ್ಲಿಲ್ಲ. ಅದು ನನ್ನ ಮೇಲಿದೆ, ಅದಕ್ಕೇ ಈಗ ಎಲ್ಲಿ ಮಾತಾಡಿದ್ರೂ ಫಾರಂ ಮೊದಲು ಹೇಳ್ತೀನಿ.

ಅಣಬೆ ಅಂತ ಬಂದಿದ್ರಿಂದ ಇನ್ನೊಂದು ಮಾತು, ಇದು ಮಲೆನಾಡಿನೋರಿಗೆ ಗೊತ್ತಿದ್ರೂ ಹೇಳ್ಬೇಕು. ಕಾಡಲ್ಲಿ ಸಿಕ್ಕಿದ್ದನ್ನ ಫೋನಲ್ಲಿ ಫೋಟೋ ನೋಡಿ ಹೋಲಿಸಿ ತಿನ್ನೋ ಹುಡುಗರು ಶುರುವಾಗಿದಾರೆ. ನಮ್ಮಜ್ಜಿ ಹುತ್ತದ ಅಣಬೆ ಬಿಟ್ಟು ಬೇರೆ ಮುಟ್ಟಿಸ್ತಿರ್ಲಿಲ್ಲ, ಅದೂ ಮೊದಲ ಗುಡುಗಿಗೆ ಎದ್ದಿದ್ದು, ಬುಡ ಹುತ್ತದೊಳಗೆ ಇಳಿದಿರೋದನ್ನ ಕೈ ಹಾಕಿ ನೋಡಿ ಕೀಳ್ಬೇಕು. ಅದನ್ನ ಗೆದ್ದಲೇ ಬೆಳೆಸೋದು, ಅದಕ್ಕೇ ಶೆಡ್ಡಲ್ಲಿ ಬೆಳೆಯೋಕಾಗಲ್ಲ. ಅಮಾಟಾಕ್ಸಿನ್ ಅನ್ನೋ ವಿಷ ಇರೋ ಅಣಬೆಗಳಿವೆ, ಅದರ ಮೋಸ ಏನು ಅಂದ್ರೆ ತಿಂದ ತಕ್ಷಣ ಏನೂ ಆಗಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು ವಾಂತಿ ಭೇದಿ ಶುರು, ಆಮೇಲೆ ಒಂದು ದಿನ ಸರಿ ಹೋದಂಗೆ ಕಾಣುತ್ತೆ, ಆ ಹೊತ್ತಲ್ಲಿ ಒಳಗೆ ಲಿವರ್ ಹಾಳಾಗ್ತಾ ಇರುತ್ತೆ. ಬೆಳ್ಳಿ ಚಮಚ ಕಪ್ಪಾಗುತ್ತಾ, ಬೆಳ್ಳುಳ್ಳಿ ಬಣ್ಣ ತಿರುಗುತ್ತಾ ಅಂತ ನೋಡೋ ಪರೀಕ್ಷೆ ಯಾವುದೂ ನಂಬೋ ಹಂಗಿಲ್ಲ. ಬೇಯಿಸಿದ್ರೂ ಆ ವಿಷ ಹೋಗಲ್ಲ.

ಹುಡುಗನ ವಿಷಯಕ್ಕೆ ಬರ್ತೀನಿ. ಆಸ್ಪತ್ರೆಯಿಂದ ಬಂದ ಮೇಲೆ ಚಿಕ್ಕಮ್ಮ ಅವನನ್ನ ಬನಕ್ಕೆ ಕರ್ಕೊಂಡು ಹೋಗ್ಬೇಕು ಅಂತ ಹಠ ಹಿಡಿದ್ರು. ನಂಗೆ ಭಯ ಇತ್ತು, ತಮಟೆ, ದರ್ಶನ ಇದೆಲ್ಲ ಅವನ ತಲೆಗೆ ಮತ್ತೆ ಏನ್ ಮಾಡುತ್ತೋ ಅಂತ. ಡಾಕ್ಟರನ್ನ ಕೇಳಿದ್ವಿ, ಮಾತ್ರೆ ತಪ್ಪಿಸ್ಬೇಡಿ, ತಮಟೆ ಹತ್ರ ಬೇಡ, ನಿದ್ದೆ ಹೊತ್ತಿಗೆ ಮನೆಗೆ ಕರ್ಕೊಂಡು ಬನ್ನಿ ಅಂದ್ರು. ದೊಡ್ಡಪ್ಪನಿಗೂ ಅದನ್ನೇ ಹೇಳಿದ್ವಿ. ಆ ಸಲ ತಮಟೆ ಇಲ್ದೆ ಬರೀ ಗಂಟೆ ಮೇಲೆ ಪೂಜೆ ಆಯ್ತು. ದರ್ಶನ ಬಂದಾಗ ಹುಡುಗನ ಕಡೆ ನೋಡ್ಲಿಲ್ಲ, ಚಿಕ್ಕಮ್ಮನ ಕಡೆ ತಿರುಗಿ "ವೈದ್ಯರು ಕೊಟ್ಟ ಮದ್ದು ಬಿಡಿಸಿದ್ರೆ ನನ್ನ ಬನಕ್ಕೆ ಕಾಲಿಡ್ಬೇಡ" ಅಂತ ಬಂತು ಮಾತು. ಮಾವ ಬಿಡಿಸಿ ಹೇಳಿದ್ರು, "ಮಾತ್ರೆ ನಿಲ್ಲಿಸ್ಬಾರ್ದಂತೆ." ಹಾವು ಕಚ್ಚಿ ಬಂದೋರನ್ನೂ ದೊಡ್ಡಪ್ಪ ಹಿಂಗೇ ಮೊದಲು ಆಸ್ಪತ್ರೆಗೆ ಅಟ್ಟೋದು, ಪ್ರಸಾದ ಬೇಕಾದ್ರೆ ಆಮೇಲೆ ಬನ್ನಿ ಅಂತಾರೆ. ಎಲ್ಲ ಪಾತ್ರಿಗಳೂ ಹಿಂಗಿರ್ತಾರೆ ಅಂತ ನಾನು ಹೇಳ್ತಿಲ್ಲ. ದುಡ್ಡು ಕೀಳೋರು, ಹೆಣ್ಣುಮಕ್ಕಳಿಗೆ ಹೊಡ್ದು ದೆವ್ವ ಬಿಡಿಸ್ತೀನಿ ಅನ್ನೋರು ನಮ್ಮ ಸುತ್ತ ಇದಾರೆ, ಅಂಥೋರ ಹತ್ರ ಹೋಗ್ಬೇಡಿ ಅಂತ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.

ಪೂಜೆ ಮುಗಿದ ಮೇಲೆ ಹುಡುಗನ್ನ ಚಾಪೆ ಮೇಲೆ ಕೂರಿಸಿದ್ರು. ನಲವತ್ತು ಜನ ಇದ್ರು, ಅವನನ್ನ ನಡುವೆ ಬಿಟ್ಕೊಂಡು ಊಟಕ್ಕೆ ಕೂತ್ರು. ಯಾರೂ ಏನಾಗಿತ್ತು ಅಂತ ಕೇಳ್ಲಿಲ್ಲ. ರೈಟರ್ ಕೂಡ ಬಂದಿದ್ರು, ಪಕ್ಕದಲ್ಲಿ ಕೂತು ಅವನ ಎಲೆಗೆ ಕಡುಬು ಹಾಕ್ತಿದ್ರು. ಈಗ ಅವನು ಮಾತ್ರೆ ಮೇಲಿದಾನೆ, ಕೆಲಸಕ್ಕೆ ಹೋಗ್ತಿದಾನೆ, ಈ ವಿಷಯ ಹೇಳು ಅಂತ ಅವನೇ ಹೇಳಿ ಕಳಿಸಿದಾನೆ.

ಕೊನೆಗೆ ಒಬ್ಬರು ಕೇಳಿದ್ರಿ, ಇದರಲ್ಲಿ ನೀವು ಮುಂದೆ ಏನ್ ಮಾಡ್ತೀರ, ನೀವೇ ಇಂಥ ಕೂಟ ಮಾಡೋ ಯೋಚನೆ ಇದೆಯಾ ಅಂತ. ಇಲ್ಲ. ನಾನು ಈಗ ಮಾಡ್ತಿರೋದು ಮಾವನ ಹತ್ರ ಕೂತು ಕೇಳೋದು. ದೊಡ್ಡಪ್ಪನ ಬಗ್ಗೆ ಯೂನಿವರ್ಸಿಟಿಯೋರು ಬಂದು ಕೇಳಿ ಬರ್ಕೊಂಡು ಹೋಗಿದಾರೆ, ಮಾವನನ್ನ ಯಾರೂ ಕೇಳಿಲ್ಲ. ನಲವತ್ತು ವರ್ಷ ಹಿಂದೆ ನಿಂತೋರು. ಈಗ ಎಪ್ಪತ್ತೆರಡು, ಮಂಡಿ ನೋವು, ಮಗ ಬೆಂಗಳೂರಲ್ಲಿ, ಕಲಿಯೋಕೆ ಯಾರೂ ಇಲ್ಲ.

ಹೋದ ತಿಂಗಳು ಕೇಳಿದೆ, ಮಾವ, ಬೀಳ್ತಾರೆ ಅಂತ ನಿಮಗೆ ಮೊದಲೇ ಹೆಂಗೆ ಗೊತ್ತಾಗುತ್ತೆ, ಮುಖ ನೋಡ್ತೀರಾ ಅಂತ. "ಮುಖ ನೋಡ್ಬಾರ್ದು ಕಣವ್ವ, ಮುಖ ನೋಡಿದ್ರೆ ನಾವೂ ಅದರ ಜೊತೆ ಹೋಗ್ತೀವಿ. ಹಿಮ್ಮಡಿ ನೋಡ್ಬೇಕು" ಅಂದ್ರು. ನನ್ನನ್ನ ಅಂಗಳದಲ್ಲಿ ಪಾತ್ರಿ ಥರ ನಿಲ್ಲಿಸಿ, ತಾವು ಹಿಂದೆ ನಿಂತು ತೋರ್ಸಿದ್ರು. ಹಿಮ್ಮಡಿ ನೆಲದಲ್ಲಿ ಇರೋವರೆಗೂ ಒಂದು ಮಾರು ದೂರ. ಎರಡೂ ಹಿಮ್ಮಡಿ ನೆಲ ಬಿಟ್ರೆ ಅರ್ಧ ಹೆಜ್ಜೆ ಮುಂದೆ. ಒಂದೇ ಹಿಮ್ಮಡಿ ನೆಲಕ್ಕೆ ಬಂದು ಇನ್ನೊಂದು ಬರದೇ ಇದ್ರೆ ಟವೆಲ್ ಕೈಗೆ ತಗೋಬೇಕು. ಅಲ್ಲಿವರೆಗೂ ಮುಟ್ಟೋ ಹಂಗಿಲ್ಲ, ಎಷ್ಟೇ ನಡುಗ್ಲಿ, ಎಷ್ಟೇ ಕೂಗ್ಲಿ. ಆಮೇಲೆ ಮಾವ ನನ್ನ ಹಿಂದೆ ಕಳಿಸಿ, ತಾವು ಮುಂದೆ ನಿಂತ್ಕೊಂಡು, ಈಗ ನೀನು ನೋಡು ಅಂದ್ರು. ನಾನು ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಅವರ ಹಿಮ್ಮಡಿ ನೋಡ್ತಾ ನಿಂತೆ, ಒಡೆದ ಹಿಮ್ಮಡಿ, ಬಿರುಕಲ್ಲೆಲ್ಲ ಕೆಂಪು ಮಣ್ಣು.